ಬಂಡೆರಂಗದಲ್ಲಿ ಆಡಿದ ಸುಳ್ಳು

"ಯಾರ್ರೀ ಅದು ಬಂಡೆ ಹಿಂದೆ? ವಸಿ ಜೋರಾಗಿ ಹೇಳ್ಬಾರ್ದಾ!"

ರಾಜನ ಕಿರೀಟ ತೊಟ್ಟ ಹೊಸಬ ರಂಗದಿಂದ ಇಳಿದವನೇ ರೇಗಿದ. ನಾಗಕ್ಕನಿಗೆ ಮೈಯೆಲ್ಲ ಉರಿಯಿತು.

"ಮಾತು ಮರ್ತೋರು ನೀವು... ಬೈಯೋದು ನನ್ನನ್ನಾ? ಮೂರು ಸಲ ಹೇಳ್ಕೊಟ್ಟೆ. ಕಿವಿ ಎಲ್ಲಿಟ್ಟಿದ್ರಿ?"

ಅವನು ತಬ್ಬಿಬ್ಬಾದ. ಸಾಲು ಹೇಳಿಕೊಡುವವರು ಯಾರೋ ಗಂಡಸು ಎಂದುಕೊಂಡಿದ್ದ. ನೋಡಿದರೆ ಇಪ್ಪತ್ತರ ಹುಡುಗಿ, ಕೈಯಲ್ಲಿ ಪುಸ್ತಕವೂ ಇಲ್ಲ!

"ಪೂರ್ತಿ ನಾಟಕ ಬಾಯಿಗೆ ಬರ್ತದಾ?"

"ಇಂಥವು ಹನ್ನೊಂದು ಬರ್ತವೆ."

ಅವನು ನಕ್ಕುಬಿಟ್ಟ. ಆ ನಗು ಅವಳ ಎದೆಯೊಳಗೆ ಹೊಕ್ಕಿದ್ದು ಮತ್ತೆ ಹೊರಬರಲೇ ಇಲ್ಲ...

ಅದು 1974. ದೊಡ್ಡೇರಿ ಹೋಬಳಿಯ ಆ ಹಳ್ಳಿಯಲ್ಲಿ ಗುಡ್ಡದ ಬುಡಕ್ಕೊಂದು ಹಾಸುಬಂಡೆ. ಅದರ ಪಡುವಣಕ್ಕೆ ಗೋಡೆಯಂತೆ ನಿಂತ ಇನ್ನೊಂದು ಬಂಡೆ. ನಾಗಕ್ಕನ ತಾತ ಕ್ಯಾತಪ್ಪ ಅಲ್ಲಿ ನಿಂತು ಕುರಿ ಕರೆದಾಗ ದನಿ ಕೆರೆ ಏರಿಯವರೆಗೂ ಕೇಳಿತಂತೆ. ಮುಂದಿನ ಸುಗ್ಗಿಗೆ ಅಲ್ಲೇ ನಾಟಕ ಆಡಿಸಿದ. ಅವನ ನಂತರ ಮಗ, ನಾಗಕ್ಕನ ಅಪ್ಪ ಓಬಳಪ್ಪ. ಚಪ್ಪರವಿಲ್ಲ, ಪರದೆಯಿಲ್ಲ. ಮಧ್ಯಾಹ್ನ ಬಂಡೆಯ ನೆರಳು ಇಳಿದೊಡನೆ ಆಟ ಶುರು, ದೀಪ ಹಚ್ಚುವ ಹೊತ್ತಿಗೆ ಮಂಗಳ.

ಬಣ್ಣ ಅರೆಯುವುದರಿಂದ ಹಿಡಿದು ಪೋಷಾಕು ಹೊಲಿಯುವವರೆಗೆ ಎಲ್ಲ ಮನೆಯವರೇ. ಆದರೆ ಮನೆಯ ಹೆಣ್ಣು ರಂಗ ಹತ್ತುವಂತಿರಲಿಲ್ಲ. ನಾಗಕ್ಕನಿಗೆ ಬಂಡೆಯ ಹಿಂದೆಯೇ ಜಾಗ.

ಆಟ ನೋಡಲು ಊರಾಚೆಯ ಕೇರಿಯವರಿಗೆ ರಂಗದೆದುರಿನ ಹಳ್ಳದಾಚೆ ಜಾಗ. ನಾಗಕ್ಕ ಅದನ್ನು ಹುಟ್ಟಿದಾಗಿನಿಂದ ನೋಡಿದ್ದಳು. ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಹೊಸಬನ ಹೆಸರು ಚಿಕ್ಕಹನುಮಯ್ಯ. ಊರ ಶಾಲೆಯ ಹೊಸ ಮೇಷ್ಟ್ರು, ಕೊರಟಗೆರೆ ಕಡೆಯವರು ಎಂದಷ್ಟೇ ಎಲ್ಲರಿಗೂ ಗೊತ್ತು. ಅವನ ಕಂಠಕ್ಕೆ ಮರುಳಾದ ಓಬಳಪ್ಪ ಬೇರೇನೂ ಕೇಳಲಿಲ್ಲ.

ಎರಡು ವರ್ಷ ತಾಲೀಮು ನಡೆಯಿತು. ಬಂಡೆಯ ಈಚೆ ಅವನ ದನಿ, ಆಚೆ ಅವಳ ಪಿಸುಮಾತು. ಮಾತು ನೆನಪಿದ್ದರೂ ಅವನು ತಡೆದು ನಿಲ್ಲುತ್ತಿದ್ದ... ಅವಳ ದನಿ ಕೇಳಲೆಂದೇ!

ಒಂದು ಸಂಜೆ ಕೆರೆ ಏರಿಯ ಮೇಲೆ ಅವನೆಂದ: "ನಾನು ಹಳ್ಳದಾಚೆ ಕೂರೋ ಜನದೋನು, ನಾಗೂ. ನಿಮ್ಮಪ್ಪಂಗೂ ಹೇಳ್ಬುಡ್ತೀನಿ."

ಅವಳು ಏರಿಯ ಎರಡೂ ಕಡೆ ಕಣ್ಣಾಡಿಸಿದಳು. ಆದರೂ ಹಿಡಿದ ಕೈ ಬಿಡಲಿಲ್ಲ.

"ಬ್ಯಾಡ. ಈ ಸುಗ್ಗಿ ಆಟ ಮುಗೀಲಿ, ನಾನೇ ಅಪ್ಪಂಗೆ ಹೇಳ್ತೀನಿ. ಅಲ್ಲೀಗಂಟ ನೀವು ಬಾಯಿ ಬುಡಬ್ಯಾಡಿ. ನನ್ನಾಣೆ!"

ಅವನು ನಂಬಿದ.

ಆ ಸುಗ್ಗಿಯ ಆಟಕ್ಕೆ ಹೇಳದೆ ಕೇಳದೆ ಬಂದವಳು ಅವನ ತಾಯಿ ಸಣ್ಣಕ್ಕ. ಮಗ ರಾಜನಾಗುವುದನ್ನು ನೋಡಲು ಎರಡು ಬಸ್ಸು ಹತ್ತಿ ಇಳಿದು ಬಂದಿದ್ದಳು. ಮುಂದೆ ಬಂದು ಕೂತವಳನ್ನು ಯಾರೋ ಯಾವ ಕೇರಿಯೆಂದು ಕೇಳಿದರು. ಅವಳು ಇದ್ದದ್ದನ್ನೇ ಹೇಳಿದಳು.

"ಏಳಮ್ಮೋ, ಏಳು! ಹಳ್ಳದಾಚೆಗೆ ನಡಿ!"

ರಂಗದ ಮೇಲಿದ್ದ ಚಿಕ್ಕಹನುಮಯ್ಯ ನೋಡಿದ. ಮಾತು ನಿಂತಿತು. ನಾಗಕ್ಕ ಸಾಲು ಪಿಸುಗುಟ್ಟಿದಳು. ಮತ್ತೊಮ್ಮೆ... ಮಗದೊಮ್ಮೆ...

ಅವನು ಕಿರೀಟ ತೆಗೆದು ಕೆಳಗಿಟ್ಟ. ಜನರ ನಡುವೆ ನಡೆದು, ಹಳ್ಳ ದಾಟಿ, ತಾಯಿಯ ಪಕ್ಕ ಕೂತ.

"ಇವಳು ನನ್ನವ್ವ!"

ಊರು ಎದ್ದು ನಿಂತಿತು. ಓಬಳಪ್ಪ ಮಗಳನ್ನು ಬಂಡೆಯ ಹಿಂದಿನಿಂದ ದರದರ ಎಳೆದು ತಂದ.

"ಕೆರೆ ಏರಿ ಮ್ಯಾಲೆ ನಿಮ್ಮಿಬ್ರುನ್ನೂ ಕಂಡೋರವ್ರೆ. ನಿಂಗೆ ಇದು ಗೊತ್ತಿತ್ತೇನೇ?"

ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಅವನೂ.

"ಇಲ್ಲ ಅಪ್ಪ... ಬಚ್ಚಿಟ್ಟಿದ್ರು. ಅವ್ವ ಸತ್ತೋಗವ್ಳೆ ಅಂದಿದ್ರು."

ಆ ಕೊನೆಯ ಮಾತನ್ನು ಯಾಕೆ ಸೇರಿಸಿದಳೋ! ಹೆದರಿದ ಬಾಯಿ ಒಂದು ಸುಳ್ಳಿಗೇ ನಿಲ್ಲಲಿಲ್ಲ.

ಸಣ್ಣಕ್ಕ ತಿರುಗಿ ಮಗನ ಮುಖ ನೋಡಿದಳು. ಅಷ್ಟರಲ್ಲಿ ಅವನ ಮೇಲೆ ಏಟು ಬೀಳತೊಡಗಿದ್ದವು. ಅವನು ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ಅದೇ ಏಟು ನಾಗಕ್ಕನಿಗೂ ಬೀಳುತ್ತಿದ್ದವು.

ಮರುದಿನವೇ ಅವನು ಊರು ಬಿಟ್ಟ. ಓಬಳಪ್ಪ ಬಂಡೆಗೆ ಗಂಜಲ ಹಾಕಿಸಿ ತೊಳೆಸಿದ. ಆಮೇಲೆ ಅಲ್ಲಿ ಆಟವೇ ನಡೆಯಲಿಲ್ಲ. ಕಡಲೆಕಾಯಿ ಒಣಗಿತು, ಮೇಕೆಗಳು ಮಲಗಿದವು. ನಾಗಕ್ಕ ಬಂದ ಗಂಡುಗಳನ್ನೆಲ್ಲ ವಾಪಸು ಕಳಿಸಿದಳು.

ಒಂಬತ್ತು ವರ್ಷ!

ಓಬಳಪ್ಪ ತೀರಿಕೊಂಡ ಮರುವರ್ಷ ನಾಗಕ್ಕನ ಅಣ್ಣ ನರಸಪ್ಪ ಬಂಡೆಯನ್ನು ಕಲ್ಲುಕ್ವಾರಿಗೆ ಬಿಟ್ಟುಕೊಟ್ಟ. ಮೊದಲ ಸಿಡಿಮದ್ದು ಇಡುವ ದಿನ ಊರೆಲ್ಲ ನೋಡಲು ನೆರೆಯಿತು. ನಾಗಕ್ಕ ಸರಸರ ಹೋಗಿ ರಂಗ ಹತ್ತಿದಳು. ಜೀವಮಾನದಲ್ಲಿ ಮೊದಲ ಸಲ.

"ಮೇಷ್ಟ್ರು ನಂಗೇನೂ ಬಚ್ಚಿಡ್ಲಿಲ್ಲ. ಎಲ್ಲಾ ಹೇಳಿದ್ರು. ಅಪ್ಪಂಗೆ ನಾನೇ ಹೇಳ್ತೀನಿ ಅಂತ ಆಣೆ ಹಾಕಿದ್ದೆ. ಹೆದ್ರಿ ಸುಳ್ಳಾಡ್ದೆ..."

"ಇಳಿಯೇ ಕೆಳಗೆ! ಮನೆ ಮಾನ ಕಳೀಬ್ಯಾಡ!" ನರಸಪ್ಪ ಕೂಗಿದ.

"ಅದು ಅವತ್ತೇ ಹೋಯ್ತು ಕಣಣ್ಣ. ನಿಂಗೆ ಕಂಡಿರ್ಲಿಲ್ಲ ಅಷ್ಟೆ."

ಅವಳು ಇಳಿದು ನೇರ ಬಸ್ಸಿನ ದಾರಿ ಹಿಡಿದಳು. ಹಿಂದೆ ಬಂಡೆ ಸಿಡಿದ ಸದ್ದಾಯಿತು. ತಿರುಗಿ ನೋಡಲಿಲ್ಲ.

ಚಿಕ್ಕಹನುಮಯ್ಯ ಗೌಡಗೆರೆಯ ಶಾಲೆಯಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು. ಮನೆ ಬಾಗಿಲಲ್ಲಿ ನಿಂತವಳನ್ನು ಕಂಡು ಅವನು ಹೊರಬಂದ. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಮದುವೆಯಾದ ಗುರುತೇನೂ ಮನೆಯಲ್ಲಿ ಕಾಣಲಿಲ್ಲ.

"ಯಾಕ್ ಬಂದ್ರಿ?"

"ಊರೆದುರು ನಿಜ ಹೇಳಿ ಬಂದೆ."

"ಊರು ಕಟ್ಕೊಂಡು ನಂಗೇನು?" ಅವನು ನಡುಮನೆಯತ್ತ ಕೈ ತೋರಿಸಿದ. "ಒಳಗೆ ಅವ್ವ ಅವ್ಳೆ. ಅವಳಿಗೆ ಹೇಳಿ. ಅವ್ವ ಸತ್ತವ್ಳೆ ಅಂತ ನಾನಂದಿಲ್ಲ ಅಂತ ಒಂಬತ್ತು ವರ್ಷದಿಂದ ಹೇಳ್ತಾನೇ ಇದೀನಿ, ನಂಬಲ್ಲ. ಅಂಥ ಹುಡ್ಗಿ ಅಷ್ಟು ಜನದೆದುರು ಸುಳ್ಳಾಡ್ತಾಳೇನ್ಲಾ ಅಂತಾಳೆ."

ಸಣ್ಣಕ್ಕ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ನಾಗಕ್ಕ ಅವಳ ಕಾಲ ಬಳಿ ಕೂತು ಎಲ್ಲ ಹೇಳಿದಳು. ಮುದುಕಿಯ ಕೈ ನಿಂತಿತು.

"ಬದುಕಿರೋಳ್ನೇ ನನ್ನ ಮಗ ಸತ್ತೋಳು ಮಾಡ್ಬುಟ್ಟ ಅನ್ಕಂಡು... ಒಂದಿನಾನೂ ಅವನಿಕ್ಕಿದ ಅನ್ನ ನಂಗೆ ಸೇರ್ಲಿಲ್ಲ ಕಣವ್ವ. ಆ ದಿನಗಳ್ನ ಯಾರು ತಂದ್ಕೊಡ್ತಾರೆ?"

ಮುದುಕಿ ಮೊರ ಪಕ್ಕಕ್ಕೆ ಸರಿಸಿದಳು.

"ಹನುಮಾ... ಬಾರ್ಲಾ ಇಲ್ಲಿ," ಎಂದು ಸಣ್ಣಕ್ಕ ಮಗನನ್ನು ಕರೆದಳು. ಎರಡೂ ಕೈಯಲ್ಲಿ ಅವನ ಮುಖ ಹಿಡಿದು ಅಳತೊಡಗಿದಳು. ನಾಗಕ್ಕನ ಕಡೆ ಮತ್ತೆ ತಿರುಗಲಿಲ್ಲ.

ನಾಗಕ್ಕ ಮೆಲ್ಲಗೆ ಎದ್ದು ಜಗಲಿಯಲ್ಲಿ ಕೂತಳು. ಎಷ್ಟೋ ಹೊತ್ತಿನ ಮೇಲೆ ಅವನು ಬಂದು ಪಕ್ಕದಲ್ಲಿ ಕೂತ.

"ಶಿರಾ ಬಸ್ಸು ಐದಕ್ಕೆ."

"ಹೋಗ್ಲಾ?"

"ಹೋಗು ಅನ್ಲಿಲ್ಲ. ಐದಕ್ಕೆ ಅಂದೆ."

"ನನ್ನ ಕ್ಷಮಿಸ್ತೀರಾ?"

"ಇವತ್ತಾಗಲ್ಲ."

"ಯಾವತ್ತಾದ್ರೂ...?"

"ಗೊತ್ತಿಲ್ಲ. ಇದ್ದು ನೋಡು." ಅವನು ಉಸಿರೆಳೆದುಕೊಂಡ. "ಅವ್ವ ನಿನ್ನ ಸುಲಭಕ್ಕೆ ಬುಡಾಕಿಲ್ಲ."

"ಬುಡೋದು ಬ್ಯಾಡ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬೈಸ್ಕಳಾಕೇ ಬಂದಿವ್ನಿ."

ಅವನು ಎದ್ದ. ಬಾಗಿಲಲ್ಲಿ ನಿಂತು ಕೈ ಚಾಚಿದ.

"ಒಳಗೆ ಬಾ. ಬೆಳಗ್ಗಿಂದ ಉಂಡಿರಾಕಿಲ್ಲ ನೀನು."