ಮಾಸ್ಟರ್‌ನಲ್ಲಿದ್ದ ಕೂದಲು

"ಮಾಸ್ಟರ್‌ನಲ್ಲಿ ಇರೋದು ಎಲ್ಲಾ ಮಷೀನಲ್ಲೂ ಇರುತ್ತೆ ಅಕ್ಕ, ಒಂದನ್ನೂ ಬಿಡಲ್ಲ," ಎಂದು ರೋಯ್ಸ್ಟನ್ ವರ್ಷಗಳ ಹಿಂದೆ ನನಗೆ ಮಾತು ಕೊಟ್ಟಿದ್ದ. ನಮ್ಮ ಆಫೀಸಿನ ಯುನಿಕ್ಸ್ ಕಂಪ್ಯೂಟರುಗಳೆಲ್ಲ ಮಾಸ್ಟರ್ ಎಂಬ ಮೂಲ ಕಂಪ್ಯೂಟರಿನ ಪಡಿಯಚ್ಚಿನಂತಿರಲು ನೋಡಿಕೊಳ್ಳುತ್ತಿದ್ದವನು ಅವನೇ. ಹೋದ ವರ್ಷ ಇಲ್ಲೇ ಹತ್ತಿರದ ಡನ್ ಲಿಯರಿಯ ಕಡಲಲ್ಲಿ ಮುಳುಗಿ ತೀರಿಕೊಂಡ. ಕೆಲಸ ನನ್ನ ಪಾಲಿಗೆ ಬಂತು.

ಮೊನ್ನೆ ಬೆಳಿಗ್ಗೆ ಮಾಸ್ಟರ್‌ನಿಂದ ಕೊಳೆತ ಮೀನಿನ ನಾತ. ಬಿಚ್ಚಿದರೆ ಫ್ಯಾನಿಗೆ ಒದ್ದೆ ಕೂದಲು ಸುತ್ತಿಕೊಂಡಿತ್ತು. ಅದರ ಲೋಳೆ ಬೆರಳಿಗೆ ಅಂಟಿತು. ಉಳಿದ ಮಷೀನುಗಳನ್ನೂ ಬಿಚ್ಚಿದೆ. ಎಲ್ಲದರಲ್ಲೂ ಅದೇ ಕೂದಲು, ಅದೇ ನಾತ.

ಕೈ ಉಜ್ಜಿ ತೊಳೆಯುತ್ತಿದ್ದಾಗ ಆಡಮ್ಸ್‌ಟೌನಿನ ನಮ್ಮ ಮನೆಯಿಂದ ಮಗಳು ನಿಸರ್ಗಾಳ ಫೋನ್ ಬಂತು. ಮನೆಯ ಕಂಪ್ಯೂಟರನ್ನು ನಾನು ಹೋದ ವಾರವಷ್ಟೇ ಮಾಸ್ಟರ್‌ಗೆ ಸೇರಿಸಿದ್ದೆ.

"ಯಕ್, ಅಮ್ಮಾ! ನಿನ್ ಕಂಪ್ಯೂಟರಿಂದ ವೆಟ್ ಹೇರ್ ಬರ್ತಿದೆ!"

"ಮುಟ್ಟಬೇಡ ಕಣೇ!"

"ಎಳೀತಾನೇ ಇದೀನಿ, ಮುಗೀತಿಲ್ಲ."

ರೋಯ್ಸ್ಟನ್ ಮಾತು ಉಳಿಸಿಕೊಂಡಿದ್ದ.