ಹುಡುಕಿದರೂ ಸಿಗದ ಭಾನುವಾರ

ಮಂಗಳವಾರ ಬೆಳಿಗ್ಗೆ ಸುಮೇಧಳ ಮೇಜಿನ ಮುಂದೆ ಬಂದು ನಿಂತ ಶಾಲಿನಿ ಅಳುತ್ತಿರಲಿಲ್ಲ. ಅಳುವಷ್ಟು ಶಕ್ತಿಯೂ ಉಳಿದಂತಿರಲಿಲ್ಲ. "ಅಕ್ಕ, ನಾನು ಸುಳ್ಳು ಹೇಳಿಲ್ಲ. ಸಂಜೆಯೊಳಗೆ ಏನಾದ್ರೂ ಪತ್ತೆ ಮಾಡಿ," ಎಂದಳು.

ಕತ್ರಿಗುಪ್ಪೆಯ ಒಂದು ಬೇಕರಿ ಮೇಲೆ ನಮ್ಮ ಆಫೀಸು. ಐದು ಜನ ಸೇರಿ ವೆಬ್‌ಸೈಟ್ ಮಾಡುತ್ತಿದ್ದೆವು. ಸುಮೇಧಳದು ಟೆಸ್ಟಿಂಗ್ ಕೆಲಸ. ಕಾಣೆಯಾದ ಚಾರ್ಜರಿನಿಂದ ಹಿಡಿದು ಕೆಟ್ಟ ಪುಟದವರೆಗೆ ತಪ್ಪು ಯಾರದೆಂದು ಹುಡುಕುವುದೂ ಅವಳ ಪಾಲಿಗೇ ಬಿದ್ದಿತ್ತು. ಪಕ್ಕದ ಕುರ್ಚಿ ನನ್ನದು.

ಇಟ್ಟಮಡುವಿನ ಡಯಾಲಿಸಿಸ್ ಕೇಂದ್ರವೊಂದು ಭಾನುವಾರ ರಜೆ ಕೊಡಲು ಶುರುಮಾಡಿತ್ತು. 'ಭಾನುವಾರವೂ ತೆರೆದಿರುತ್ತದೆ' ಎಂಬ ಸಾಲನ್ನು ಅವರ ಸೈಟಿನ ಎಲ್ಲ ಪುಟಗಳಿಂದ ತೆಗೆಯುವ ಕೆಲಸ ಶಾಲಿನಿಗೆ ಬಂತು. ತೆಗೆದೆ ಎಂದಳು. ಆದರೆ ಮೊನ್ನೆ ಭಾನುವಾರ ವಯಸ್ಸಾದವರೊಬ್ಬರು ಅದೇ ಸಾಲನ್ನು ನಂಬಿ ಹೋಗಿ, ಮುಚ್ಚಿದ ಬಾಗಿಲ ಮುಂದೆ ಎರಡು ಗಂಟೆ ಕೂತು, ಕೊನೆಗೆ ಬೇರೆ ಆಸ್ಪತ್ರೆ ಸೇರಿದ್ದರು. ಶಾಲಿನಿ ಇನ್ನೂ ಪ್ರೊಬೇಷನ್ನಿನಲ್ಲಿದ್ದಳು. ಇವತ್ತೇ ಅವಳ ಕೆಲಸದ ಕೊನೆಯ ದಿನ ಎಂದು ಆಫೀಸಿನ ಒಡತಿ ಅಲಮೇಲು ಮೇಡಂ ಹೇಳಿಯಾಗಿತ್ತು.

ಶಾಲಿನಿಯ ಮೊಬೈಲಿನಲ್ಲಿ ಒಂದು ಫೋಟೋ ಇತ್ತು. ಮೂರು ಕಡೆ ಸಾಲು ತೆಗೆದ ಮೇಲೆ, ಇನ್ನೆಲ್ಲಾದರೂ ಉಳಿದಿದೆಯೇ ಎಂದು ಸೈಟಿನ ಫೈಲುಗಳಲ್ಲೆಲ್ಲ ಮತ್ತೆ ಸರ್ಚ್ ಕೊಟ್ಟಿದ್ದಳು. ಪರದೆಯ ಮೇಲೆ ಫಲಿತಾಂಶ ಸೊನ್ನೆ. ಸುಮೇಧ ತನ್ನ ಮಷಿನ್ನಿನಲ್ಲಿ ಹುಡುಕಿದಳು, ಸೊನ್ನೆ. ನನ್ನದರಲ್ಲೂ ಸೊನ್ನೆ. ಸೈಟಿನ ಅಪಾಯಿಂಟ್‌ಮೆಂಟ್ ಪುಟದಲ್ಲಿ ಮಾತ್ರ ಆ ಸಾಲು ಆರಾಮಾಗಿ ಕೂತಿತ್ತು.

"ಯಾರೋ ವಾಪಸ್ ಹಾಕಿರ್ಬೇಕು," ಎಂದೆ.

ಆ ಪುಟವನ್ನು ಯಾರು ಯಾವಾಗ ತಿದ್ದಿದ್ದರು ಎಂಬ ಚರಿತ್ರೆಯನ್ನು ಸುಮೇಧ ತೆಗೆದಳು. ಎರಡು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಆಮೇಲೆ ಸೊನ್ನೆಯ ಕೆಳಗಿದ್ದ ಮಸುಕು ಅಕ್ಷರಗಳನ್ನು ತುಂಬ ಹೊತ್ತು ಓದಿದಳು. ನಾವು ಯಾರೂ ಓದದ ಸಾಲು ಅದು. ಮಧ್ಯಾಹ್ನ, ನಮ್ಮಲ್ಲಿ ಕೋಡ್ ಬರೆಯುವ ಮಾಧವನಿಗೆ ಒಂದೇ ಪ್ರಶ್ನೆ ಕೇಳಿದಳು: ಹೋದ ತಿಂಗಳವರೆಗೆ ಸರ್ಚ್ ಎಂದರೆ ಉರಿದು ಬೀಳುತ್ತಿದ್ದವನು ಈಗ ಯಾಕೆ ಸುಮ್ಮನಿದ್ದಾನೆ? ಅಭ್ಯಾಸ ಆಯಿತು ಎಂದು ಅವನು ಹೆಡ್‌ಫೋನ್ ಏರಿಸಿಕೊಂಡ.

ದಿನಾ ನಾಲ್ಕೂವರೆಗೆ ನಾವು ನಾಲ್ಕು ಜನ ಟೀಗೆ ಬೇಕರಿಗೆ ಇಳಿಯುತ್ತಿದ್ದೆವು. ಆಫೀಸಿನ ಸಂಗತಿಗಳೆಲ್ಲ ಅಲ್ಲೇ ತೀರ್ಮಾನವಾಗುತ್ತಿದ್ದವು. ಬರೆದಿಡುವ ಪದ್ಧತಿ ಇರಲಿಲ್ಲ. ಶಾಲಿನಿ ಫೋನ್ ನೋಡಿಕೊಳ್ಳಲು ಮೇಲೆ ಉಳಿಯುತ್ತಿದ್ದಳು. ಅವತ್ತು ಸುಮೇಧ ಯಾರನ್ನೂ ಇಳಿಯಲು ಬಿಡಲಿಲ್ಲ.

"ಪುಟ ಯಾರೂ ಮುಟ್ಟಿಲ್ಲ, ಅಂದ್ರೆ ಸಾಲು ವಾಪಸ್ ಬಂದಿದ್ದಲ್ಲ. ಫೋಟೋ ಇದೆ, ಅಂದ್ರೆ ಶಾಲಿನಿ ಹುಡುಕಿದ್ದು ನಿಜ. ಹಾಗಾದ್ರೆ ಸುಳ್ಳು ಹೇಳಿದ್ದು ಸರ್ಚು. ಕೆಲವು ಫೋಲ್ಡರ್ ಬಿಟ್ಟು ಹುಡುಕಿರಬಹುದು, ಸೆಟ್ಟಿಂಗ್ ನೋಡಿ ಅಂತ ಆ ಸಣ್ಣ ಅಕ್ಷರ ಹೇಳ್ತಾನೇ ಇತ್ತು. ನೋಡಿದೆ. 'ಹಳೇದು' ಅನ್ನೋ ಫೋಲ್ಡರನ್ನ ಎಲ್ಲರ ಮಷಿನ್ನಲ್ಲೂ ಸರ್ಚಿಗೆ ಸಿಗದ ಹಾಗೆ ಮರೆ ಮಾಡಿದಾರೆ. ಅಪಾಯಿಂಟ್‌ಮೆಂಟ್ ಪುಟ ಇವತ್ತಿಗೂ ಅದರೊಳಗಿಂದಾನೇ ಓಡ್ತಿದೆ. ಸೆಟ್ಟಿಂಗ್ ಬದಲಾಗಿದ್ದು ಹೋದ ತಿಂಗಳು ಹನ್ನೊಂದನೇ ತಾರೀಕು. ಹೆಸರು ಮಾಧವ."

ಮಾಧವ ಹೆಡ್‌ಫೋನ್ ಕೆಳಗಿಟ್ಟ. "ಒಂದು ಪದ ಹುಡುಕಿದ್ರೆ ಆ ಹಳೇ ಫೋಲ್ಡರಿಂದಾನೇ ನಾಲ್ಕು ಸಾವಿರ ಸಾಲು ಬರೋದು. ಸಾಕಾಗಿತ್ತು. ಟೀ ಟೈಮಲ್ಲಿ ಎಲ್ಲರಿಗೂ ಹೇಳಿದ್ನಲ್ಲ."

"ನೀನು ಹೇಳಿದ್ದೆ," ಎಂದಳು ಸುಮೇಧ. "ಮೇಡಂ ಹೂಂ ಅಂದ್ರು. ನಾವಿಬ್ರೂ ಹೂಂ ಅಂದು ಮರೆತ್ವಿ. ಕೇಳದೇ ಇದ್ದವಳು ಒಬ್ಬಳೇ. ಆ ಕೆಲಸ ಅವಳಿಗೇ ಹೋಯ್ತು."

ಅಲಮೇಲು ಮೇಡಂ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಶಾಲಿನಿ, ನಾಳೆಯಿಂದ ನೀನೂ ಟೀಗೆ ಬಾ."

"ಫೋನ್ ಯಾರು ತಗೋತಾರೆ ಮೇಡಂ?"

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಶಾಲಿನಿ ಏಳಲಿಲ್ಲ. ಐದನೆಯ ರಿಂಗಿಗೆ ಮಾಧವ ಎದ್ದು ಹೋಗಿ ಎತ್ತಿಕೊಂಡ. ಡಯಾಲಿಸಿಸ್ ಕೇಂದ್ರದವರು.