ಖಾಲಿ ತಟ್ಟೆಯಲ್ಲಿ ಕಂಡ ಎಳೆಗಳು

"ಬೇಗ ಬಾಗಿಲು ಹಾಕಿ... ಬೆಳಕು ಬಿದ್ರೆ ಸತ್ತೋಗ್ತವೆ."

ಪ್ರಯೋಗಾಲಯದ ಕತ್ತಲೆ ಕೋಣೆಗೆ ಕಾಲಿಟ್ಟವನಿಗೆ ಅವಳು ಆಡಿದ ಮೊದಲ ಮಾತು ಅದು. ಅವನು ಗಾಬರಿಯಿಂದ ಬಾಗಿಲು ಹಾಕಿ, ತಾನೂ ಒಳಗೇ ಸಿಕ್ಕಿಕೊಂಡ!

ಸೂಕ್ಷ್ಮದರ್ಶಕದ ಕೆಳಗೆ ಬದುಕಿರುವ ಜೀವಕೋಶಗಳಿದ್ದವು. ಬಣ್ಣ ಹಾಕಿ ಲೇಸರ್ ಬಿಟ್ಟರೆ ಅವುಗಳೊಳಗಿನ ಸಣ್ಣ ಎಳೆಗಳು ಹೊಳೆಯುತ್ತವೆ, ಆದರೆ ಕೋಶ ಬೇಗ ಸಾಯುತ್ತದೆ. ಬಣ್ಣವಿಲ್ಲದ ಮಸುಕು ಚಿತ್ರದಲ್ಲೇ ಆ ಎಳೆಗಳನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸಬೇಕು. ಅದಕ್ಕೇ ಅವನು ಬಂದಿದ್ದ. ಮಾತು ಕಮ್ಮಿ, ಹಾಗಾಗಿ ಎಲ್ಲರ ಬಾಯಲ್ಲೂ 'ಮೌನಿ'.

ಒಂದು ಮಧ್ಯಾಹ್ನ ಅವರ ಕಣ್ಣೆದುರೇ ಒಂದು ಕೋಶ ಎರಡಾಯಿತು. ನೋಡುತ್ತಾ ನೋಡುತ್ತಾ ಇಬ್ಬರ ಭುಜ ತಾಗಿತು. ಇಬ್ಬರೂ ಸರಿಯಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥರು ಅವಳ ಸೋದರಮಾವ. ತಾಯಿ ಹೋದ ಮೇಲೆ ಸಾಕಿದವರು. ಅವರ ಮನೆ, ಅವರ ಕಾರು, ಅವರು ಕೊಟ್ಟ ಕೆಲಸ. ಪ್ರೀತಿಗೆ ಕೊರತೆಯಿರಲಿಲ್ಲ, ಆದರೆ ಉಸಿರಾಡಲು ಜಾಗವೇ ಇರಲಿಲ್ಲ...

ಆ ವಾರವೇ ಮಾವ ಮೌನಿಯನ್ನು ಮೇಲಿನ ಮಹಡಿಗೆ ಕಳಿಸಿದರು. ಅವನಿಗೆ ಇನ್ನು ನಿನ್ನ ಅಗತ್ಯವಿಲ್ಲವಂತೆ, ಅವನೇ ಹೇಳಿದ ಎಂದು ಅವಳಿಗೆ ತಿಳಿಸಿದರು. ಅವಳು ತಲೆಯಾಡಿಸಿ, ಕತ್ತಲೆಯಲ್ಲಿ ಕೂತು ಅತ್ತಳು.

ಆಮೇಲೆ ಮೇಲಿಂದ, ಮೌನಿ ಕಲಿಸಿದ ಕಂಪ್ಯೂಟರ್ ಎಳೆ ಬಿಡಿಸಿದ ಚಿತ್ರಗಳು ಬಂದವು. ಎಷ್ಟು ಚೆಂದದ ಎಳೆಗಳು! ಆದರೆ ಸತ್ತಿದ್ದ ಕೋಶದಲ್ಲೂ ಎಳೆಗಳು ನಳನಳಿಸುತ್ತಿದ್ದವು. ಅನುಮಾನ ಬಂದು, ಕೋಶಗಳೇ ಇಲ್ಲದ, ಬರೀ ದ್ರವ ತುಂಬಿದ ತಟ್ಟೆಯ ಚಿತ್ರ ತೆಗೆದು ಅದೇ ಕಂಪ್ಯೂಟರಿಗೆ ಕೊಟ್ಟಳು.

ಅದರಲ್ಲೂ ಎಳೆಗಳನ್ನು ಬಿಡಿಸಿಕೊಟ್ಟಿತು.

ಮಾವ ಇವೇ ಚಿತ್ರಗಳನ್ನು ದೊಡ್ಡ ಸಭೆಯಲ್ಲಿ ತೋರಿಸುವವರಿದ್ದರು. ಹೇಳಿದರೆ ಮಾವನ ಮಾನ ಹೋಗುತ್ತದೆ. ಸುಮ್ಮನಿದ್ದರೆ ಅವಳೂ ಸುಳ್ಳಿನ ಪಾಲುದಾರಳು. ಮೌನಿ... ಮೋಸಗಾರನಾ?

ಮೆಟ್ಟಿಲು ಹತ್ತಿ ಹೋಗಿ ನೇರ ಕೇಳಿದಳು. "ಇದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. 'ಏನೂ ಇಲ್ಲ' ಅನ್ನೋದನ್ನೂ ಯಂತ್ರಕ್ಕೆ ಕಲಿಸ್ಬೇಕು. ಖಾಲಿ ತಟ್ಟೆ ಚಿತ್ರ ಕೊಡಿ ಅಂತ ನಿಮಗೆ ಎಷ್ಟು ಸಲ ಹೇಳಿಕಳಿಸಿದೆ... ನನ್ನ ಮುಖ ನೋಡೋಕೂ ನಿಮಗೆ ಇಷ್ಟ ಇಲ್ಲ ಅಂದ್ರು."

ಹಾಗೆ ಅಂದದ್ದು ಮಾವನೇ ಎಂದು ಅವಳಿಗೆ ಹೊಳೆಯಿತು. ಆ ಸಭೆಯ ಭಾಷಣ ಮುಗಿಯುವವರೆಗೆ ಈ ತಪ್ಪಿನ ಬಗ್ಗೆ ಬಾಯಿ ಬಿಡಬೇಡ ಎಂದು ಮಾವ ತಾಕೀತು ಮಾಡಿದ್ದನ್ನೂ, ಅದಕ್ಕೆ ತಾನು ಕೆಲಸ ಬಿಡಲು ಹೊರಟಿದ್ದನ್ನೂ ಅವನು ಹೇಳಿದ.

ಅವಳು ಸೀದಾ ಮಾವನ ಕೋಣೆಗೆ ಹೋದಳು. ಚಿತ್ರವನ್ನು ಮೇಜಿನ ಮೇಲಿಟ್ಟು, "ಮಾವ, ಇದರಲ್ಲಿ ಕೋಶವೇ ಇಲ್ಲ, ಆದ್ರೂ ಯಂತ್ರ ಎಳೆ ಬಿಡಿಸಿದೆ. ಅದರ ಚಿತ್ರಗಳನ್ನ ಸಭೆಯಲ್ಲಿ ತೋರಿಸೋಕೆ ನಾನು ಬಿಡಲ್ಲ" ಎಂದಳು.

ಮಾವ ಮೊದಲು ರೇಗಿದರು. ಸಾಕಿದ್ದಕ್ಕೆ ಇದಾ ಫಲ ಎಂದರು. ಅವಳು ಕದಲಲಿಲ್ಲ. ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಅವನು ನಿನ್ನನ್ನ ಕರ್ಕೊಂಡು ಹೋಗ್ಬಿಡ್ತಾನೆ ಅನ್ನಿಸ್ತು, ಪುಟ್ಟಿ. ಅದಕ್ಕೇ ಸುಳ್ಳು ಹೇಳಿ ನಿಮ್ಮಿಬ್ಬರನ್ನ ದೂರ ಇಟ್ಟೆ. ನನಗಿನ್ಯಾರಿದ್ದಾರೆ?"

ಭಾಷಣ ರದ್ದಾಯಿತು. ಮಾವ ಎಷ್ಟೋ ದಿನ ಅವಳನ್ನು ಬಿಟ್ಟು ಒಬ್ಬರೇ ಊಟ ಮಾಡಿದರು. ಅವಳಿಗೆ ನೋವಾಯಿತು, ಆದರೂ ಹಿಂದೆ ಸರಿಯಲಿಲ್ಲ.

ಮೌನಿ ಕೆಲಸ ಬಿಡದೆ ಕೆಳಗಿನ ಕೋಣೆಗೆ ಮರಳಿದ. ಯಂತ್ರಕ್ಕೆ ಹೊಸದಾಗಿ ಪಾಠ ಶುರುವಾಯಿತು. ಒಂದು ಸಂಜೆ ಪರದೆಯಿಂದ ಕಣ್ಣು ತೆಗೆಯದೆಯೇ ಅವನೆಂದ, "ನನಗೆ ಮಾತು ಬರಲ್ಲ. ಆದ್ರೆ... ನೀವಿಲ್ಲದೆ ನನಗೆ ಆಗಲ್ಲ."

ಅವಳು ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು. "ಮೊದಲು ಆ 'ನೀವು' ಬಿಡು."

ಅವನು ತಿರುಗಿ ನೋಡಿದ. "ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ," ಅವಳು ಅವನ ಕೈ ಹಿಡಿದಳು. "ಮಾವನಿಗೆ ನಾನೇ ಹೇಳ್ತೀನಿ."